ನಿದ್ದೆ ಬಾರದವರ ಸುಸ್ತು ಎಷ್ಟು, ತೂಕಡಿಕೆ ಎಷ್ಟು: ಎರಡನ್ನೂ ಬೇರೆ ಬೇರೆ ಅಳೆಯುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಬರೆದು ತರುವ ನಿದ್ದೆ ಡೈರಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪಾಪ, ಎರಡು ವಾರ ಬಿಡದೆ ಬರೆದಿರುತ್ತಾರೆ. ಆದರೆ ಹಗಲಿನ ಲೆಕ್ಕಕ್ಕೆ ಇರುವುದು ಒಂದೇ ಕಾಲಂ. "ಇವತ್ತು ಸುಸ್ತು 8." ಮಾರನೇ ದಿನ "ಸುಸ್ತು 9." ಆ 8ರಲ್ಲಿ ಮೈ ಸೋತದ್ದೆಷ್ಟು, ಕಣ್ಣು ಎಳೆದದ್ದೆಷ್ಟು ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಇನ್ನು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಹೊಲಕ್ಕೆ ನೀರು ಬರುತ್ತಿಲ್ಲ ಅಂದರೆ ಬೋರು ಬತ್ತಿದೆಯೋ, ಮೋಟರ್ ಸುಟ್ಟಿದೆಯೋ ಅಂತ ಮೊದಲು ನೋಡುತ್ತೀರಿ, ಅಲ್ವಾ? ಇಲ್ಲೂ ಹಾಗೇ. ಸುಸ್ತಿಗೆ ಕಾರಣಗಳು ಬೇರೆ, ತೂಕಡಿಕೆಗೆ ಕಾರಣಗಳು ಬೇರೆ, ಔಷಧಿಯೂ ಬೇರೆ. ಎರಡನ್ನೂ ಕಲಸಿ ಒಂದು ಅಂಕ ಕೊಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತಿದ್ದು, ಅದರಿಂದ ಹಗಲಿನ ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ಈ ಕ್ರಮ ನಿಮಗೆ ಉಪಯೋಗಕ್ಕೆ ಬರುತ್ತದೆ. ಹೀಗೆ ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಇದನ್ನೆಲ್ಲ ಅಳೆದು ನೀವೇ ರೋಗ ಕಂಡುಹಿಡಿಯಬೇಕಿಲ್ಲ. ಕಂಡುಹಿಡಿಯುವವರ ಕೈಗೆ ಸರಿಯಾದ ಲೆಕ್ಕ ಕೊಟ್ಟರೆ ಸಾಕು.

## ಕೈಗೆ ಇಟ್ಟುಕೊಳ್ಳಬೇಕಾದದ್ದು

ಒಂದು 100 ಪುಟದ ನೋಟ್‌ಬುಕ್ಕು, ಒಂದು ಪೆನ್ನು, ಅಲಾರಂ ಇಡಲು ಫೋನು. ಇಷ್ಟೇ. ಇವುಗಳ ಜೊತೆಗೆ ಎರಡು ಪ್ರಶ್ನಾವಳಿ ಬೇಕು: ತೂಕಡಿಕೆಗೆ ಎಪ್‌ವರ್ತ್ ಸ್ಲೀಪಿನೆಸ್ ಸ್ಕೇಲ್, ಸುಸ್ತಿಗೆ ಫಟೀಗ್ ಸಿವಿಯರಿಟಿ ಸ್ಕೇಲ್. ಎರಡನ್ನೂ ನಿಮ್ಮ ಡಾಕ್ಟರ ಹತ್ತಿರವೇ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಓಡಾಡುವ ಅರ್ಧಂಬರ್ಧ ಪಟ್ಟಿ ಬೇಡ, ಅದರಲ್ಲಿ ಪ್ರಶ್ನೆ ಬಿಟ್ಟುಹೋಗಿರುತ್ತವೆ.

ಸ್ಮಾರ್ಟ್ ವಾಚ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ನಿದ್ದೆ ಬಾರದೆ ಅಲ್ಲಾಡದೆ ಬಿದ್ದುಕೊಂಡಿದ್ದರೂ ಆ ವಾಚು ಎಷ್ಟೋ ಸಲ ಅದನ್ನು ನಿದ್ದೆ ಅಂತಲೇ ಬರೆದುಕೊಳ್ಳುತ್ತದೆ. ಬೆಳಿಗ್ಗೆ ಅದರ ಅಂಕ ನೋಡಿ "ಅಯ್ಯೋ, 52 ಬಂತು" ಅಂತ ದಿನವಿಡೀ ಕೊರಗುವವರೂ ಇದ್ದಾರೆ. ಈಗಾಗಲೇ ಕಟ್ಟುತ್ತಿದ್ದರೆ ಕಟ್ಟಿ, ಆದರೆ ಅದರ ಲೆಕ್ಕವನ್ನು ಡೈರಿಗೆ ಇಳಿಸಬೇಡಿ.

## ಹಂತ 1: ಎರಡನ್ನೂ ಬೇರೆ ಮಾಡಲು ಕಲಿಯಿರಿ

ಇದಕ್ಕೆ ಒಂದೆರಡು ದಿನ ಕೊಡಿ. ಇನ್ನೂ ಏನೂ ಬರೆಯುವುದು ಬೇಡ. ಆಗಾಗ ನಿಂತು ನಿಮ್ಮನ್ನೇ ಎರಡು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು: "ಈಗ ಯಾರೂ ಮಾತಾಡಿಸದೆ, ಕತ್ತಲೆ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ ಹತ್ತುತ್ತದಾ?" ಹೌದು ಅಂದರೆ ಅದು ತೂಕಡಿಕೆ. ರೆಪ್ಪೆ ಭಾರ ಆಗುವುದು, ತಲೆ ಮುಂದಕ್ಕೆ ಬೀಳುವುದು, ಓದಿದ ಸಾಲನ್ನೇ ಓದುವುದು, ಮಧ್ಯೆ ಎರಡು ಕ್ಷಣ ಏನಾಯಿತು ಅಂತಲೇ ಗೊತ್ತಾಗದಿರುವುದು ಇದರ ಗುರುತು.

ಎರಡನೆಯದು: "ಈಗ ಎದ್ದು ಒಂದು ಕೆಲಸ ಶುರು ಮಾಡು ಅಂದರೆ ಮೈ ಏಳುತ್ತದಾ, ಮನಸ್ಸು ಬರುತ್ತದಾ?" ಏಳುವುದಿಲ್ಲ ಅಂದರೆ ಅದು ಸುಸ್ತು. ಕೈಕಾಲು ಜೋಮು ಹಿಡಿದಂತೆ ಭಾರ, ಸಣ್ಣ ಮಾತಿಗೆ ಸಿಡುಕು, ತರಕಾರಿ ಲೆಕ್ಕ ಕೂಡಿಸಲೂ ಆಗದಷ್ಟು ತಲೆ ಮಂಕು. ಆದರೆ ಮಲಗಿದರೆ ನಿದ್ದೆ ಬರುವ ಗ್ಯಾರಂಟಿ ಇಲ್ಲ.

ನಿದ್ರಾಹೀನತೆ ಇರುವವರಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡನೆಯದೇ. ಮೈಯೆಲ್ಲ ಸೋತಿರುತ್ತದೆ, ಮಧ್ಯಾಹ್ನ ಊಟ ಮಾಡಿ ಒರಗಿದರೂ ಕಣ್ಣು ಹತ್ತುವುದಿಲ್ಲ. ದೇಹ, ಮಿದುಳು ಎರಡೂ ರಾತ್ರಿಯಷ್ಟೇ ಅಲ್ಲ, ಹಗಲೂ ಬಿಗಿಯಾಗಿ ಎಚ್ಚರದಲ್ಲಿರುವುದೇ ಇದಕ್ಕೆ ಕಾರಣ. ಲ್ಯಾಬಿನಲ್ಲಿ ಹಗಲು ಮಲಗಿಸಿ ಪರೀಕ್ಷೆ ಮಾಡಿದಾಗಲೂ ಇಂಥವರಲ್ಲಿ ಹೆಚ್ಚಿನವರಿಗೆ ನಿದ್ದೆ ಹತ್ತಲು ಎಲ್ಲರಷ್ಟೇ ಹೊತ್ತು, ಕೆಲವೊಮ್ಮೆ ಜಾಸ್ತಿಯೇ ಹಿಡಿಯುತ್ತದೆ. ಹಾಗಾಗಿ "ರಾತ್ರಿಯಿಡೀ ನಿದ್ದೆ ಇಲ್ಲ ಅಂತೀಯಾ, ಹಗಲಾದರೂ ಮಲಗಬಹುದಿತ್ತಲ್ಲ" ಅಂತ ಮನೆಯವರು ಅಂದರೆ ಬೇಜಾರಾಗಬೇಡಿ. ಅವರಿಗೂ ಈ ಪುಟ ಓದಲು ಕೊಡಿ.

## ಹಂತ 2: ಯಾವ ಎರಡು ವಾರ ಅಂತ ಗೊತ್ತು ಮಾಡಿ

ಒಟ್ಟು 14 ದಿನ ಬೇಕು, ವಾರದ ರಜೆಗಳೂ ಸೇರಿ. ಮನೆಯಲ್ಲಿ ಮದುವೆ, ಗವಿಮಠದ ಜಾತ್ರೆ, ಭತ್ತದ ನಾಟಿ, ಮಕ್ಕಳ ಪರೀಕ್ಷೆ ಇರುವ ವಾರ ಬೇಡ.

ಬೇಸಿಗೆಯ ಮಾತು ಸ್ವಲ್ಪ ಬೇರೆ. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಯಾರಿಗಾದರೂ ಸುಸ್ತಾಗುತ್ತದೆ. ರಾತ್ರಿ ಕರೆಂಟು ಹೋದರೆ, ಸೆಕೆಗೆ ಮಾಳಿಗೆ ಮೇಲೆ ಮಲಗಿದರೆ ನಿದ್ದೆಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಅಳೆಯಲೇಬಾರದು ಅಂತಲ್ಲ. ಪುಟದ ತುದಿಗೆ "ಕರೆಂಟ್ ಇಲ್ಲ", "ಮಾಳಿಗೆ" ಅಂತ ಒಂದು ಗುರುತು ಹಾಕಿ. ಎರಡನೇ ಸಲ ಅಳೆಯುವಾಗ ಮಳೆಗಾಲ ಬಂದಿದ್ದರೆ, ಅಂಕ ಇಳಿದದ್ದು ಚಿಕಿತ್ಸೆಯಿಂದಲೋ ತಂಪಿನಿಂದಲೋ ಅಂತ ಆಗ ಗೊತ್ತಾಗಬೇಕಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೀವು ತಗೊಳ್ಳುವ ಎಲ್ಲ ಮಾತ್ರೆ ಬರೆಯಿರಿ. ಬಿಪಿ, ಶುಗರ್ ಮಾತ್ರೆ ಅಷ್ಟೇ ಅಲ್ಲ. ನೆಗಡಿ, ಅಲರ್ಜಿಗೆ ನುಂಗುವ ಸೆಟ್ರಿಜಿನ್, ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಗಳು ಮಾರನೇ ದಿನವೂ ತೂಕಡಿಸುವಂತೆ ಮಾಡಬಹುದು. ಯಾರೋ ಹೇಳಿದರು ಅಂತ ನಿದ್ದೆಗೆ ಅಲ್ಪ್ರಾಜೋಲಮ್ ನುಂಗುತ್ತಿದ್ದರೆ ಮುಚ್ಚಿಡದೆ ಬರೆಯಿರಿ. ಅಳತೆ ಶುದ್ಧವಾಗಿರಲಿ ಅಂತ ಅದನ್ನು ಒಮ್ಮೆಲೇ ನಿಲ್ಲಿಸುವುದು ಮಾತ್ರ ಅಪಾಯ. ಡಾಕ್ಟರನ್ನು ಕೇಳದೆ ಯಾವುದನ್ನೂ ಬಿಡಬೇಡಿ.

## ಹಂತ 3: ಬೆಳಗಿನ ಲೆಕ್ಕ

ಎದ್ದು ಅರ್ಧ ಗಂಟೆ ಆದಮೇಲೆ, ಒಂದು ಗಂಟೆಯೊಳಗೆ ಬರೆಯಿರಿ. ಬೇಕಾದದ್ದು ಆರು ಸಂಗತಿ: ಹಾಸಿಗೆಗೆ ಹೋದ ಹೊತ್ತು, ಮಲಗಲು ಯತ್ನಿಸಿದ ಹೊತ್ತು, ನಿದ್ದೆ ಹತ್ತಲು ಹಿಡಿದ ನಿಮಿಷ, ನಡುವೆ ಎಚ್ಚರ ಇದ್ದ ಒಟ್ಟು ನಿಮಿಷ, ಕೊನೆಯ ಸಲ ಎಚ್ಚರವಾದ ಹೊತ್ತು, ಹಾಸಿಗೆ ಬಿಟ್ಟ ಹೊತ್ತು.

ಬಳ್ಳಾರಿಯ ಜೀನ್ಸ್ ಹೊಲಿಯುವ ಒಬ್ಬರ ಒಂದು ರಾತ್ರಿ ಹೀಗಿತ್ತು ಅಂತ ಇಟ್ಟುಕೊಳ್ಳಿ. 10 ಗಂಟೆಗೆ ಹಾಸಿಗೆಗೆ ಹೋದರು, ಫೋನ್ ನೋಡಿ 10:30ಕ್ಕೆ ಲೈಟ್ ಆರಿಸಿದರು. ನಿದ್ದೆ ಹತ್ತಲು 75 ನಿಮಿಷ, ಅಂದರೆ 11:45. ನಡುವೆ ಎರಡು ಸಲ ಎದ್ದು ಒಟ್ಟು 50 ನಿಮಿಷ ಎಚ್ಚರ. 5ಕ್ಕೆ ಕಣ್ಣು ಬಿಟ್ಟರು, 6ಕ್ಕೆ ಎದ್ದರು. 11:45ರಿಂದ 5ರವರೆಗೆ 315 ನಿಮಿಷ. ಅದರಲ್ಲಿ 50 ಕಳೆದರೆ 265 ನಿಮಿಷ, ಅಂದರೆ 4 ಗಂಟೆ 25 ನಿಮಿಷ ನಿದ್ದೆ. ಹಾಸಿಗೆಯಲ್ಲಿ ಇದ್ದದ್ದು 8 ಗಂಟೆ, 480 ನಿಮಿಷ. 265ನ್ನು 480ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 55. ಮಲಗಿದ ಹೊತ್ತಿನಲ್ಲಿ ನೂರಕ್ಕೆ 55 ಭಾಗ ಮಾತ್ರ ನಿದ್ದೆ. ಇದು 85ರ ಆಸುಪಾಸಿನಲ್ಲಿ ಇರಬೇಕು ಅಂತ ವೈದ್ಯರು ನೋಡುತ್ತಾರೆ.

ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ ರಾತ್ರಿ ಗಡಿಯಾರ ನೋಡುವುದು. ನಿಮಿಷ ನಿಖರವಾಗಿ ಬರೆಯಬೇಕು ಅಂತ ಮತ್ತೆ ಮತ್ತೆ ಫೋನ್ ಎತ್ತಿದರೆ ಬರುವ ನಿದ್ದೆಯೂ ಓಡಿಹೋಗುತ್ತದೆ. ಅಂದಾಜು ಸಾಕು, ನಿಜವಾಗಲೂ ಸಾಕು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ.

ಇನ್ನೊಂದು ತಪ್ಪು ನೋಡಿದ ಕೂಡಲೇ ಗೊತ್ತಾಗುತ್ತದೆ. ಹದಿನಾಲ್ಕೂ ದಿನದ ಸಾಲು ಒಂದೇ ಪೆನ್ನು, ಒಂದೇ ಓಟದ ಅಕ್ಷರ, ಎಲ್ಲ ಹೊತ್ತೂ 10:00, 10:30, 11:00. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಕೂತು ತುಂಬಿದ್ದು! ಒಂದು ದಿನ ಮರೆತರೆ ಖಾಲಿ ಬಿಡಿ. ಊಹಿಸಿ ತುಂಬಿದ ಸಾಲಿಗಿಂತ ಖಾಲಿ ಸಾಲೇ ವಾಸಿ.

## ಹಂತ 4: ಹಗಲಿನ ಮೂರು ಅಳತೆ

ಈ ಕೆಲಸದ ತಿರುಳು ಇದೇ. ಬೆಳಿಗ್ಗೆ 10, ಮಧ್ಯಾಹ್ನ 3, ಸಂಜೆ 7, ಹೀಗೆ ಮೂರು ಹೊತ್ತಿಗೆ ಅಲಾರಂ ಇಡಿ. ಹೊತ್ತು ನಿಮಗೆ ಬೇಕಾದಂತೆ ಬದಲಿಸಬಹುದು, ಆದರೆ 14 ದಿನವೂ ಅದೇ ಇರಬೇಕು.

ಅಲಾರಂ ಹೊಡೆದ ಮೇಲೆ ಮಾಡಬೇಕಾದ ಕ್ರಮ ಹೀಗಿದೆ.

1. ಕೆಲಸ ಬಿಟ್ಟು 5 ನಿಮಿಷ ಸುಮ್ನೆ ಕುಳಿತುಕೊಳ್ಳಿ. ಫೋನ್ ಬೇಡ, ಮಾತು ಬೇಡ. ಓಡಾಟ, ಮಾತು, ಬೆಳಕು ಇವೆಲ್ಲ ತೂಕಡಿಕೆಯನ್ನು ಮುಚ್ಚಿಡುತ್ತವೆ. ಕುಳಿತಾಗಲೇ ಅದು ಹೊರಗೆ ಬರುವುದು.

2. ಮೊದಲು ತೂಕಡಿಕೆಗೆ ಅಂಕ ಕೊಡಿ. ಇದಕ್ಕೆ ಕರೋಲಿನ್ಸ್ಕಾ ಮಾಪಕ ಬಳಸಿ, 1ರಿಂದ 9. ಪೂರ್ತಿ ಚುರುಕಾಗಿದ್ದರೆ 1. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ ಅಂದರೆ 5. ನಿದ್ದೆ ಬರುತ್ತಿದೆ, ಆದರೆ ಎಚ್ಚರ ಇರಲು ಕಷ್ಟಪಡಬೇಕಿಲ್ಲ ಅಂದರೆ 7. ನಿದ್ದೆಯ ಜೊತೆ ಗುದ್ದಾಡುತ್ತಿದ್ದರೆ 9. ಕಳೆದ 5 ನಿಮಿಷದ ಮಾತಷ್ಟೇ ಇದು, ಇಡೀ ದಿನದ್ದಲ್ಲ.

3. ಆಮೇಲೆ ಸುಸ್ತಿಗೆ ಅಂಕ, 0ಯಿಂದ 10. ಸುಸ್ತೇ ಇಲ್ಲ ಅಂದರೆ 0, ಇದಕ್ಕಿಂತ ಸುಸ್ತು ಇರಲಾರದು ಅಂದರೆ 10.

4. ಪಕ್ಕದಲ್ಲಿ ಎರಡೇ ಪದದ ಟಿಪ್ಪಣಿ: "ಊಟ ಆಯ್ತು", "ಜಗಳ", "ಉಪವಾಸ".

5. ಚಹಾ ಇದಾದ ಮೇಲೆ.

ಎರಡು ಮಾಪಕಕ್ಕೂ ಬೇರೆ ಬೇರೆ ಅಂಕಪಟ್ಟಿ ಇರುವುದು ಒಳ್ಳೆಯದೇ. ಎರಡನ್ನೂ 10ಕ್ಕೆ ಇಟ್ಟರೆ ಕೈ ತಾನಾಗಿ ಒಂದೇ ಅಂಕ ಬರೆಯುತ್ತದೆ. ಎರಡು ಕಾಲಂ ನಡುವೆ ದಪ್ಪ ಗೆರೆ ಎಳೆದಿಡಿ.

ಚಹಾ ವಿಷಯದಲ್ಲಿ ನಮ್ಮ ಕಡೆಯವರಿಗೆ ಕಷ್ಟ, ಗೊತ್ತು. ಮಿರ್ಚಿ, ಮಂಡಕ್ಕಿ ಒಗ್ಗರಣೆ ಜೊತೆ ಸಂಜೆ ಚಹಾ ತಪ್ಪಿಸು ಅಂದರೆ ಯಾರೂ ಕೇಳುವುದಿಲ್ಲ. ತಪ್ಪಿಸಬೇಡಿ, ಆದರೆ ಅಳತೆ ಮೊದಲು, ಚಹಾ ಆಮೇಲೆ. ಎಷ್ಟು ಗಂಟೆಗೆ ಕುಡಿದಿರಿ ಅಂತಲೂ ಬರೆಯಿರಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ರ ಚಹಾದ ಅರ್ಧ ಪಾಲು ರಾತ್ರಿ 11ಕ್ಕೂ ಮೈಯಲ್ಲಿ ಇರುತ್ತದೆ.

ಮಧ್ಯಾಹ್ನ 3ರ ತೂಕಡಿಕೆ ಅಂಕ ಬೆಳಗಿನದಕ್ಕಿಂತ ಒಂದೆರಡು ಜಾಸ್ತಿ ಬಂದರೆ ಗಾಬರಿ ಬೇಡ. ಊಟದ ನಂತರದ ಆ ಹೊತ್ತಿಗೆ ಎಲ್ಲರಿಗೂ ಸ್ವಲ್ಪ ಮಂಪರು ಬರುತ್ತದೆ. ಎದ್ದ ತಕ್ಷಣದ ಮಂಪರನ್ನೂ ಅಳೆಯಬೇಡಿ. ಅದು ನಿದ್ದೆಯಿಂದ ಹೊರಬರುವ ಹೊತ್ತಿನದು, ದಿನದ ಲೆಕ್ಕಕ್ಕೆ ಬಾರದು.

## ಹಂತ 5: ಎಪ್‌ವರ್ತ್ ಪ್ರಶ್ನಾವಳಿ

14ನೇ ದಿನ ಒಂದೇ ಸಲ ತುಂಬಿ. ಆಸ್ಟ್ರೇಲಿಯಾದ ಡಾ. ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ 8 ಸಂದರ್ಭಗಳಿವೆ. ಕುಳಿತು ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕುಳಿತಾಗ, ಒಂದು ಗಂಟೆ ಬಿಡದೆ ಪ್ರಯಾಣ ಮಾಡುವಾಗ, ಮಧ್ಯಾಹ್ನ ಒರಗಿದಾಗ, ಹೀಗೆ. ಪ್ರತಿಯೊಂದರಲ್ಲೂ ತೂಕಡಿಸುವ ಸಾಧ್ಯತೆಗೆ 0ಯಿಂದ 3 ಅಂಕ. ಒಟ್ಟು 24. ಮೊತ್ತ 10 ದಾಟಿದರೆ ಹಗಲಿನ ತೂಕಡಿಕೆ ಮಾಮೂಲಿಗಿಂತ ಜಾಸ್ತಿ ಅಂತ ಲೆಕ್ಕ.

ಇಲ್ಲಿ ಎಡವುವುದು ಮೂರು ಕಡೆ. "ನಾನು ಪುಸ್ತಕ ಓದುವುದೇ ಇಲ್ಲ" ಅಂತ ಪ್ರಶ್ನೆ ಬಿಟ್ಟುಬಿಡುತ್ತಾರೆ. ಬಿಡಬಾರದು. ಓದುತ್ತಾ ಕುಳಿತಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ ಬರೆಯಬೇಕು. ಒಂದು ಪ್ರಶ್ನೆ ಬಿಟ್ಟರೂ ಮೊತ್ತಕ್ಕೆ ಅರ್ಥ ಇಲ್ಲ. ಕಾರಿಲ್ಲದವರು ಪ್ರಯಾಣದ ಪ್ರಶ್ನೆಗೆ ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಂತೆ ಯೋಚಿಸಿ.

ಎರಡನೆಯದು, ಪ್ರಶ್ನೆ ಇರುವುದು ತೂಕಡಿಕೆಯ ಬಗ್ಗೆ, ಉತ್ತರ ಬರುವುದು ಸುಸ್ತಿನ ಬಗ್ಗೆ. "ಟಿವಿ ಮುಂದೆ ಕುಳಿತರೆ ಎದ್ದೇಳಲು ಆಗಲ್ಲ, 3 ಹಾಕಿ" ಅನ್ನುತ್ತಾರೆ. ಸರಿ, ಆದರೆ ಕಣ್ಣು ಮುಚ್ಚಿತಾ? ಮುಚ್ಚಲಿಲ್ಲ ಅಂದರೆ 0.

ಮೂರನೆಯದು ಮುಜುಗರದ್ದು. ಡ್ರೈವರುಗಳು, ಮೆಷಿನ್ ಮೇಲೆ ಕೆಲಸ ಮಾಡುವವರು ಕೆಲಸಕ್ಕೆ ಕುತ್ತು ಬರುತ್ತದೆ ಅಂತ ಕಡಿಮೆ ಬರೆಯುತ್ತಾರೆ. ಅದಕ್ಕೇ ಮನೆಯವರನ್ನೂ ಕೇಳಿ ಬೇರೆ ಹಾಳೆಯಲ್ಲಿ ತುಂಬಿಸಿ. ಇಬ್ಬರ ಮೊತ್ತದಲ್ಲಿ ದೊಡ್ಡ ಅಂತರ ಇದ್ದರೆ ಎರಡೂ ಹಾಳೆ ಡಾಕ್ಟರಿಗೆ ಕೊಡಿ.

## ಹಂತ 6: ಸುಸ್ತಿನ 9 ವಾಕ್ಯ

ಅದೇ ದಿನ, ಸ್ವಲ್ಪ ಬಿಡುವು ಕೊಟ್ಟು, ಫಟೀಗ್ ಸಿವಿಯರಿಟಿ ಸ್ಕೇಲ್ ತುಂಬಿ. ಕಳೆದ ಒಂದು ವಾರದಲ್ಲಿ ಸುಸ್ತು ನಿಮ್ಮ ಕೆಲಸ, ಮನೆ, ಉತ್ಸಾಹಕ್ಕೆ ಎಷ್ಟು ಅಡ್ಡ ಬಂತು ಅಂತ 9 ವಾಕ್ಯ ಇರುತ್ತವೆ. ಒಪ್ಪುವುದೇ ಇಲ್ಲ ಅಂದರೆ 1, ಪೂರ್ತಿ ಒಪ್ಪುತ್ತೇನೆ ಅಂದರೆ 7. ಎಲ್ಲ ಕೂಡಿಸಿ 9ರಿಂದ ಭಾಗಿಸಿ. ಸರಾಸರಿ 4 ಅಥವಾ ಜಾಸ್ತಿ ಬಂದರೆ ಗಮನ ಕೊಡಬೇಕಾದ ಸುಸ್ತು. ಭಾಗಿಸುವುದನ್ನು ಮರೆತು "ನನಗೆ 45 ಬಂತು" ಅನ್ನುವವರು ಬಹಳ. 45 ಅಂದರೆ ಸರಾಸರಿ 5.

## ಹಂತ 7: ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ

ಸುಸ್ತು ಜಾಸ್ತಿ, ತೂಕಡಿಕೆ ಕಡಿಮೆ. ನಿದ್ರಾಹೀನತೆಯಲ್ಲಿ ಸಾಮಾನ್ಯವಾಗಿ ಸಿಗುವ ಚಿತ್ರ ಇದು. ಆದರೂ ಸುಸ್ತಿಗೆ ನಿದ್ದೆಯೊಂದೇ ಕಾರಣ ಅಂತ ಅಲ್ಲಿಗೇ ಬಿಡಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಖಿನ್ನತೆ ಎಲ್ಲವೂ ಹೀಗೇ ಕಾಣುತ್ತವೆ. ಮುಖ್ಯವಾಗಿ ಹೆಂಗಸರು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಗರ್ಭಿಣಿಯರಲ್ಲದ ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ. "ಮನೆಗೆಲಸ, ಅದಕ್ಕೇ ಸುಸ್ತು" ಅಂತ ವರ್ಷಗಟ್ಟಲೆ ತಳ್ಳಿಕೊಂಡು ಬಂದ ಎಷ್ಟೋ ಅಕ್ಕಂದಿರ ರಿಪೋರ್ಟಿನಲ್ಲಿ ಉತ್ತರ ಇಲ್ಲೇ ಇರುತ್ತದೆ.

ತೂಕಡಿಕೆಯೂ ಜಾಸ್ತಿ. ಎಪ್‌ವರ್ತ್ 10 ದಾಟಿದೆ, ಹಗಲಿನ ಅಂಕ ದಿನವೂ 7, 8 ಬರುತ್ತಿದೆ ಅಂದರೆ ನಿದ್ರಾಹೀನತೆಯ ಹಿಂದೆ ಇನ್ನೇನೋ ಇರಬಹುದು. ಜೋರು ಗೊರಕೆ ಇದೆಯಾ, ನಡುವೆ ಉಸಿರು ನಿಂತಂತಾಗಿ ಗಕ್ಕನೆ ಏಳುತ್ತೀರಾ, ಬೆಳಿಗ್ಗೆ ತಲೆನೋವಾ? ಹಾಗಿದ್ದರೆ ಉಸಿರುಗಟ್ಟುವ ನಿದ್ರಾರೋಗ, ಅಂದರೆ ಸ್ಲೀಪ್ ಅಪ್ನಿಯಾ ಇರಬಹುದು. ಇಲ್ಲದಿದ್ದರೆ ಮೊದಲ ಪುಟದ ಮಾತ್ರೆಗಳ ಪಟ್ಟಿ ತೆಗೆಯಿರಿ. ತೀರಾ ಜಾಸ್ತಿ ಇದ್ದರೆ ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ, 4-5 ಸಲ ಮಲಗಿಸಿ ನೋಡುವ ಲ್ಯಾಬ್ ಪರೀಕ್ಷೆ ಇದೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿದರೆ ಅದು ಕಾಯಿಲೆಯ ಮಟ್ಟದ ತೂಕಡಿಕೆ. ಬರೀ ನಿದ್ರಾಹೀನತೆಗೆ ಈ ಪರೀಕ್ಷೆ ಬೇಕಾಗುವುದಿಲ್ಲ, ದುಡ್ಡು ಸುರಿಯಬೇಡಿ.

ಎರಡೂ ಕಡಿಮೆ, ರಾತ್ರಿ ನಿದ್ದೆಯೂ ಕಡಿಮೆ. ನಿಮ್ಮ ದೇಹಕ್ಕೆ ಅಷ್ಟೇ ನಿದ್ದೆ ಸಾಕಾಗಿರಬಹುದು. 8 ಗಂಟೆ ಮಲಗಲೇಬೇಕು ಅಂತ ಹಾಸಿಗೆಯಲ್ಲಿ ಹೊರಳಾಡುವುದೇ ಇವರ ತೊಂದರೆ ಎಷ್ಟೋ ಸಲ.

## ಪಾಳಿ ಕೆಲಸದವರು ಹೀಗೆ ಬದಲಿಸಿಕೊಳ್ಳಿ

ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ, ಗಿಣಿಗೇರಾ ಸುತ್ತಿನ ಕಾರ್ಖಾನೆಗಳು. ನಮ್ಮ ಮೂರೂ ಜಿಲ್ಲೆಯಲ್ಲಿ ಪಾಳಿ ಮೇಲೆ ಬದುಕುವ ಮನೆಗಳು ಲೆಕ್ಕವಿಲ್ಲದಷ್ಟು. ಇವರಿಗೆ 10, 3, 7ರ ಅಲಾರಂ ಕೆಲಸಕ್ಕೆ ಬಾರದು. ಗಡಿಯಾರ ಬಿಡಿ, ಎದ್ದ ಹೊತ್ತಿನಿಂದ ಎಣಿಸಿ. ಎದ್ದು 2 ಗಂಟೆಗೆ ಒಂದು, ಪಾಳಿಯ ನಡುವೆ ಒಂದು, ಮಲಗುವ 2 ಗಂಟೆ ಮುಂಚೆ ಒಂದು. ಪ್ರತಿ ಪುಟದ ಮೇಲೆ ಯಾವ ಪಾಳಿ ಅಂತ ಬರೆಯಿರಿ. 14 ದಿನದಲ್ಲಿ ಎಲ್ಲ ಪಾಳಿ ಬರದಿದ್ದರೆ ಒಂದು ಸುತ್ತು ಮುಗಿಯುವವರೆಗೆ ಮುಂದುವರಿಸಿ.

ರಾತ್ರಿ ಪಾಳಿಯ ಅಂಕವನ್ನು ಹಗಲು ಪಾಳಿಯ ಜೊತೆ ಕೂಡಿಸಿ ಸರಾಸರಿ ತೆಗೆಯಬೇಡಿ. ಬೆಳಗಿನ ಜಾವ 3ರಿಂದ 5ರವರೆಗೆ ದೇಹದ ಎಚ್ಚರ ತಳ ಮುಟ್ಟಿರುತ್ತದೆ, ಆಗ 8 ಬಂದರೆ ಅದು ಪಾಳಿಯ ಲೆಕ್ಕ. ಪಾಳಿ ಮುಗಿಸಿ ಮನೆಗೆ ಹೊರಡುವ ಮುಂಚೆ ಮಾತ್ರ ಇನ್ನೊಂದು ತೂಕಡಿಕೆ ಅಂಕ ಬರೆಯಿರಿ. 8 ಅಥವಾ 9 ಇದ್ದರೆ ಬೈಕ್ ಮುಟ್ಟಬೇಡಿ, ಕಂಪನಿ ಬಸ್ಸೋ ಜೊತೆಗಾರರ ಗಾಡಿಯೋ ಹಿಡಿಯಿರಿ. 60 ಕಿಲೋಮೀಟರ್ ವೇಗದಲ್ಲಿ 4 ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ ಸುಮಾರು 67 ಮೀಟರ್ ತಾನೇ ಓಡಿರುತ್ತದೆ. ಅದಿರಿನ ಲಾರಿಗಳ ರಸ್ತೆಯಲ್ಲಿ ಅಷ್ಟು ದೂರ ಯಾರೂ ನಿಮಗಾಗಿ ಖಾಲಿ ಬಿಟ್ಟಿರುವುದಿಲ್ಲ.

## 14 ದಿನ ಕಾಯದೆ ಹೋಗಬೇಕಾದ ಲಕ್ಷಣಗಳು

ಗಾಡಿ ಓಡಿಸುವಾಗ, ಒಲೆ ಮುಂದೆ, ಮೆಷಿನ್ ಹತ್ತಿರ ಒಂದು ಸಲವಾದರೂ ಕಣ್ಣು ಮುಚ್ಚಿದರೆ. ಮಾತಾಡುತ್ತಾ, ಊಟ ಮಾಡುತ್ತಾ ನಿದ್ದೆಗೆ ಜಾರಿದರೆ. ನಗುವಾಗ ಮೊಣಕಾಲು ಕುಸಿದಂತಾದರೆ. ಸುಸ್ತಿನ ಜೊತೆ ಏದುಸಿರು, ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ ಇದ್ದರೆ. ಎದೆನೋವಿಗೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ನಿದ್ದೆ ಇಲ್ಲದೆ ಎರಡು ಮೂರು ದಿನ ಆದರೂ ಸುಸ್ತೇ ಇಲ್ಲ, ವಿಪರೀತ ಹುರುಪು, ಮಾತು, ಖರ್ಚು ಅಂದರೆ ಅದೂ ಒಳ್ಳೆಯ ಲಕ್ಷಣ ಅಲ್ಲ. ಮನೆಯವರು ಇದನ್ನು ಗಮನಿಸಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಬದುಕು ಸಾಕು ಅನ್ನಿಸಿದರೆ, ಸಾಯುವ ಯೋಚನೆ ಬಂದರೆ ಡೈರಿ ಬದಿಗಿಟ್ಟು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

## ಹಂತ 8: ಡಾಕ್ಟರ ಮುಂದೆ, ಆಮೇಲೆ ಎರಡನೇ ಸುತ್ತು

ಜಿಲ್ಲಾ ಆಸ್ಪತ್ರೆಯ ಓಪಿಡಿ ಗದ್ದಲದಲ್ಲಿ ಯಾರೂ 14 ಪುಟ ತಿರುವಿ ಹಾಕುವುದಿಲ್ಲ. ಒಂದೇ ಹಾಳೆಗೆ ಇಳಿಸಿ: ಸರಾಸರಿ ನಿದ್ದೆ ಎಷ್ಟು ಗಂಟೆ, ನೂರಕ್ಕೆ ಎಷ್ಟು ಭಾಗ, ಮೂರೂ ಹೊತ್ತಿನ ತೂಕಡಿಕೆ ಸರಾಸರಿ, ಮೂರೂ ಹೊತ್ತಿನ ಸುಸ್ತಿನ ಸರಾಸರಿ, ಎಪ್‌ವರ್ತ್ ಮೊತ್ತ, ಸುಸ್ತಿನ 9 ವಾಕ್ಯದ ಸರಾಸರಿ, ಮಾತ್ರೆಗಳು. ನೋಟ್‌ಬುಕ್ಕು ಚೀಲದಲ್ಲಿರಲಿ, ಕೇಳಿದರೆ ಕೊಡಿ.

ಚಿಕಿತ್ಸೆ ಶುರುವಾದ ಮೇಲೆ ಇದೇ ಕ್ರಮದಲ್ಲಿ, ಇದೇ ಹೊತ್ತಿಗೆ ಇನ್ನೊಂದು ಸುತ್ತು ಅಳೆಯಿರಿ. ಯಾವಾಗ ಅಂತ ಡಾಕ್ಟರನ್ನೇ ಕೇಳಿ. ಎಪ್‌ವರ್ತ್‌ನಲ್ಲಿ ಒಂದು ಅಂಕ ಏರಿತು, ಇಳಿಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮಾತ್ರೆಯಿಲ್ಲದ ಚಿಕಿತ್ಸೆಯಲ್ಲಿ ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಬೇಕೆಂದೇ ಕಡಿಮೆ ಮಾಡಿಸುತ್ತಾರೆ. ಆಗ ಮೊದಲ ಕೆಲವು ವಾರ ತೂಕಡಿಕೆ ಅಂಕ ಏರುತ್ತದೆ. "ಇದ್ದದ್ದೂ ಕೆಟ್ಟಿತು" ಅಂತ ತುಂಬಾ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಮಲಗುವ ಹೊತ್ತು ಕಡಿಮೆಯಾದ್ದರಿಂದ ನಿದ್ದೆಯ ಹಸಿವು ಹೆಚ್ಚುತ್ತಿದೆ ಅಂತ ಅರ್ಥ. ಆದರೆ ಆ ವಾರಗಳಲ್ಲಿ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅಂಕ ಬರೆಯುವುದು ತಪ್ಪಿಸಬೇಡಿ. ಫಿಟ್ಸ್ ಕಾಯಿಲೆ ಅಥವಾ ಬೈಪೋಲಾರ್ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು, ಅವರಿಗೆ ನಿದ್ದೆಯ ಹೊತ್ತು ಹೀಗೆ ಕಡಿಮೆ ಮಾಡುವುದು ಅಪಾಯವಾಗಬಹುದು.